ಕನ್ನಡನಾಡಿನ ಪ್ರಸೂತಿಕಾಯಕದ ಚರಿತ್ರೆ

ಜನನಸೂತಕ, ಜಾತಿಸೂತಕ, ರಜಸ್ಸೂತಕ, ಉಚ್ಛಿಷ್ಟಸೂತಕ, ಪ್ರೇತಸೂತಕಗಳೆಂಬ ಪಂಚಸೂತಕಗಳು ಇಷ್ಟಲಿಂಗಧಾರಿಗಳಿಗೆ ಇಲ್ಲವೆಂಬುದು ಶರಣಧರ್ಮದ ಪ್ರಸಿದ್ಧವಾದ ನಿರ್ಣಯವು. ಈ ಐದರಲ್ಲಿ ಜನನಸೂತಕ ಮತ್ತು ರಜಸ್ಸೂತಕಗಳೆಂಬ ಎರಡು ನೇರವಾಗಿ ಸ್ತ್ರೀಶರೀರಕ್ಕೆ ಸಂಬಂಧಪಟ್ಟವುಗಳು. ಹನ್ನೆರಡನೆಯ ಶತಮಾನದಲ್ಲಿಯೇ ಇವೆರಡನ್ನೂ ತಳ್ಳಿಹಾಕಿದ ಸಮಯವು ಗರ್ಭಿಣಿಗೆ ಎಂಟನೆಯ ತಿಂಗಳಲ್ಲಿ ಗುರುವಿನಿಂದ ಗರ್ಭಲಿಂಗಧಾರಣೆಯನ್ನು ವಿಧಿಸಿತು. ಶಿಶುವು ಇನ್ನೂ ಕಣ್ತೆರೆಯುವುದಕ್ಕೆ ಮುಂಚೆಯೇ ಅದು ಲಿಂಗಸಂಬಂಧಿಯಾಗುವುದೆಂದೂ, ಅದನ್ನು ಹೊತ್ತ ತಾಯಿಯು ಆ ಲಿಂಗಕ್ಕೆ ಆಶ್ರಯವಾಗುವಳೆಂದೂ ಇದರ ಭಾವವು. ಹೀಗಿರಲು, ಆ ಶಿಶುವನ್ನು ಭೂಮಿಗೆ ಬರಮಾಡಿಕೊಳ್ಳುವ ಕೈಗಳು ಯಾವ ಕಾಯಕದ ಕೈಗಳಿಗಿಂತಲೂ ಕೀಳಾಗಿರಲಾರವು.

ಆಚರಣೆಯ ಮಾತು ಬೇರೆ. ತತ್ತ್ವದಲ್ಲಿ ಸೂತಕವಿಲ್ಲವೆಂದವರ ಅನೇಕ ಮನೆಗಳಲ್ಲಿಯೇ ಬಾಣಂತಿಗೆ ಕತ್ತಲೆಯ ಮೂಲೆ, ಬೇರೆ ಚಾಪೆ, ಬೇರೆ ತಂಬಿಗೆ ಉಂಟಾದುವು. ಮಗುವನ್ನು ಎತ್ತಿಕೊಟ್ಟ ಸೂಲಗಿತ್ತಿಗೆ ಮೊರದಲ್ಲಿ ಅಕ್ಕಿ, ಎಲೆ ಅಡಕೆ, ಹಳೆಯ ಸೀರೆಯೊಂದು ದೊರೆತುದುಂಟು. ಪಂಕ್ತಿಯಲ್ಲಿ ಸ್ಥಾನವು ದೊರೆತುದು ವಿರಳ. ೨೦೨೩ನೆಯ ಇಸವಿಯ ಜುಲೈ ತಿಂಗಳಿನಲ್ಲಿ ತುಮಕೂರು ತಾಲ್ಲೂಕಿನ ಒಂದು ಹಟ್ಟಿಯಲ್ಲಿ ಸೂತಕದ ಭಯದಿಂದ ಊರ ಹೊರಗಣ ಗುಡಿಸಿಲಿನಲ್ಲಿ ಇರಿಸಲ್ಪಟ್ಟ ಬಾಣಂತಿಯ ಹಸುಳೆಯು ಮಳೆಗಾಳಿಯ ಶೀತಕ್ಕೆ ಸಿಕ್ಕಿ ತೀರಿಕೊಂಡಿತು. ಅದು ಅನ್ಯಸಮಾಜದ ಸಂಗತಿಯೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಮೊದಲು ತಮ್ಮ ತಮ್ಮ ಮನೆಯ ಹಿತ್ತಲನ್ನು ನೋಡಿಕೊಂಡು ಅನಂತರ ಆ ಮಾತನ್ನು ಆಡುವುದು ಲೇಸು.

ಶ್ರೀಮಠದ ಮಹೋತ್ಸವಗಳಲ್ಲಿ ವಿದ್ವಾಂಸರಿಗೂ ದಾನಿಗಳಿಗೂ ಶಾಲು ಹೊದಿಸಿ ಫಲತಾಂಬೂಲವನ್ನು ಕೊಡುವ ಸಂಪ್ರದಾಯವು ಹಿಂದಿನಿಂದ ನಡೆದುಬಂದಿದೆ. ತಾಯಂದಿರ ಪ್ರಾಣವನ್ನು ಉಳಿಸಿದವರ, ಗರ್ಭಧಾರಣೆಯ ವಿಷಯದಲ್ಲಿ ಶಾಸ್ತ್ರೀಯವಾದ ಶೋಧನೆಯನ್ನು ನಡೆಸಿದವರ, ನಾಚಿಕೆಯಿಂದ ಯಾರೂ ಆಡದ ಮಾತನ್ನು ಆಡಿ ಹೆಣ್ಣುಮಕ್ಕಳಿಗೆ ತಿಳಿವಳಿಕೆಯನ್ನು ಕೊಟ್ಟವರ ಸಾಲು ಕನ್ನಡನಾಡಿನಲ್ಲಿ ಚಿಕ್ಕದಲ್ಲ. ಅಂತಹವರಲ್ಲಿ ಕೆಲವರ ಚರಿತ್ರೆಯನ್ನು ಭಕ್ತಮಹಾಶಯರ ಮುಂದೆ ಇಡುವುದು ಪ್ರಕೃತ ಲೇಖನದ ಉದ್ದೇಶವು.

ಬೆಂಗಳೂರಿನಿಂದ ತುಮಕೂರು ಮಾರ್ಗವಾಗಿ ಪೀಣ್ಯದ ಕಾರ್ಖಾನೆಗಳನ್ನೂ ನೆಲಮಂಗಲವನ್ನೂ ದಾಟಿ, ಸಿದ್ಧಗಂಗೆಯ ಬೆಟ್ಟವನ್ನು ಹಿಂದಿಟ್ಟು, ಇನ್ನೂ ಉತ್ತರಕ್ಕೆ ಬಹುದೂರ ಹೋದರೆ ಆಂಧ್ರದ ಗಡಿಗೆ ತಾಗಿರುವ ಪಾವಗಡ ತಾಲ್ಲೂಕು ದೊರೆಯುವುದು. ಮಳೆ ಅಪರೂಪ, ನೆಲ ಒರಟು. ಅಲ್ಲಿಯ ಕೃಷ್ಣಾಪುರವೆಂಬ ಹಳ್ಳಿಯಲ್ಲಿ ೧೯೨೦ನೆಯ ಇಸವಿಯಲ್ಲಿ ಜನಿಸಿದ ನರಸಮ್ಮನವರು ಶಾಲೆಯ ಮೆಟ್ಟಿಲನ್ನು ಹತ್ತಿದವರಲ್ಲ. ಹನ್ನೆರಡನೆಯ ವಯಸ್ಸಿಗೆ ವಿವಾಹವಾಯಿತು. ಅಜ್ಜಿಯಾದ ಮರಿಗೆಮ್ಮನವರು ಸೂಲಗಿತ್ತಿಯರು. ಆಕೆಯ ಬೆನ್ನ ಹಿಂದೆ ನಿಂತು ನೋಡುತ್ತ ನೋಡುತ್ತ ಕೈಯಲ್ಲಿ ಕಸುಬು ಕುಳಿತಿತು. ಸುಮಾರು ಇಪ್ಪತ್ತನೆಯ ವಯಸ್ಸಿನಲ್ಲಿ ಬಂಧುವೊಬ್ಬಳ ಹೆರಿಗೆಯನ್ನು ಮಾಡಿಸಿದುದು ಅವರ ಪ್ರಥಮ ಕಾರ್ಯವು. ಊರಿಗೆ ಬಂದು ಹೋಗುತ್ತಿದ್ದ ಅಲೆಮಾರಿ ಜನರಿಂದ ಬೇರುನಾರುಗಳ ಗುಣವನ್ನು ಕಲಿತುಕೊಂಡರು. ತಾವೇ ಹನ್ನೆರಡು ಮಕ್ಕಳನ್ನು ಹೆತ್ತು, ಅವರಲ್ಲಿ ನಾಲ್ವರನ್ನು ಎಳವೆಯಲ್ಲಿಯೇ ಕಳೆದುಕೊಂಡ ತಾಯಿ ಅವರು. ನೋವಿನ ಮನೆಗೆ ಕರೆಬಂದಾಗ ಹಗಲಿರುಳೆಂದಾಗಲಿ, ಕೂಲಿ ಎಷ್ಟೆಂದಾಗಲಿ ಕೇಳಿದವರಲ್ಲ.

ಏಳು ದಶಕಗಳಿಗೂ ಮೀರಿದ ಈ ಕಾಯಕದಲ್ಲಿ ಅವರ ಕೈಯಿಂದ ಭೂಮಿಗೆ ಬಂದ ಮಕ್ಕಳ ಸಂಖ್ಯೆಯು ೧೫,೦೦೦ಕ್ಕೂ ಮೀರಿದುದೆಂದು ಲೋಕವು ಎಣಿಸಿದೆ. ಹೊಟ್ಟೆಯ ಮೇಲೆ ಕೈಯಿಟ್ಟು ಶಿಶುವಿನ ತಲೆ ಎತ್ತ ಇದೆ, ನಾಡಿ ಹೇಗಿದೆ ಎಂದು ಹೇಳಬಲ್ಲವರಾಗಿದ್ದರೆಂದು ಅವರನ್ನು ಕಂಡವರು ಹೇಳುವರು. ತುಮಕೂರು ವಿಶ್ವವಿದ್ಯಾನಿಲಯವು ೨೦೧೪ರಲ್ಲಿ ಗೌರವ ಡಾಕ್ಟರೇಟನ್ನು ಕೊಟ್ಟಿತು. ಅಕ್ಷರವನ್ನರಿಯದ ಆ ತಾಯಿಗೆ ಭಾರತ ಸರ್ಕಾರದವರು ೨೦೧೮ರಲ್ಲಿ ಪದ್ಮಶ್ರೀಯನ್ನು ಕೊಟ್ಟರು. ರಾಷ್ಟ್ರಪತಿಗಳ ಕೈಯಿಂದ ಅದನ್ನು ಪಡೆದ ವರ್ಷವೇ, ಡಿಸೆಂಬರ್ ೨೫ರಂದು, ಬೆಂಗಳೂರಿನಲ್ಲಿ ಅವರು ಕಾಲವಶರಾದರು. 'ಸೂಲಗಿತ್ತಿ' ಎಂಬುದು ಅವರ ಹೆಸರಿನ ಹಿಂದೆ ಬಿರುದಿನಂತೆ ಅಂಟಿ ನಿಂತಿತು. ಯಾವ ಶಬ್ದವನ್ನು ಉಚ್ಚರಿಸುವಾಗ ಜನರು ಸ್ವಲ್ಪ ದೂರ ಸರಿಯುತ್ತಿದ್ದರೋ ಆ ಶಬ್ದವು ರಾಷ್ಟ್ರಪತಿಭವನದಲ್ಲಿ ಗಟ್ಟಿಯಾಗಿ ಕೂಗಲ್ಪಟ್ಟಿತು.

ನರಸಮ್ಮನವರ ಕೈಗುಣವನ್ನು ಹೊಗಳುವಾಗ ಒಂದು ಸತ್ಯವನ್ನು ಮರೆಮಾಚಬಾರದು. ಎಲ್ಲ ಹಳ್ಳಿಗಳಲ್ಲಿಯೂ ನರಸಮ್ಮನವರಿರಲಿಲ್ಲ. ಕಸ ಕೂತ ಕುಡುಗೋಲಿನಿಂದ ಹೊಕ್ಕಳಬಳ್ಳಿಯನ್ನು ಕುಯ್ದು ಧನುರ್ವಾಯುವಿಗೆ ಶಿಶುವನ್ನು ಒಪ್ಪಿಸಿದ ಕೈಗಳೂ ಇದ್ದುವು. ಮಾಸು ಬೀಳದೆ ರಕ್ತವು ಹರಿದು ಹೋಗುತ್ತಿದ್ದಾಗ ಹಣೆಗೆ ವಿಭೂತಿಯನ್ನಿಡುವುದನ್ನು ಬಿಟ್ಟರೆ ಮಾಡಲು ಬೇರೇನೂ ಇಲ್ಲದ ರಾತ್ರಿಗಳಿದ್ದುವು. ಆದುದರಿಂದಲೇ ವೈದ್ಯಶಾಸ್ತ್ರದ ಕಡೆಗೆ ತಿರುಗಬೇಕಾಯಿತು.

ಮೈಸೂರು ಸಂಸ್ಥಾನವು ಈ ವಿಷಯದಲ್ಲಿ ಒಂದು ಅಪೂರ್ವವಾದ ಹೆಜ್ಜೆಯನ್ನಿಟ್ಟಿತು. ಶ್ರೀ ನಾಲ್ವಡಿ ಕೃಷ್ಣರಾಜ ಒಡೆಯರವರು ಆಳುತ್ತ, ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಕಾಲದಲ್ಲಿ, ೧೯೩೦ನೆಯ ಇಸವಿ ಜೂನ್ ೧೧ನೆಯ ತಾರೀಖಿನಲ್ಲಿ ಹೊರಟ ಸರ್ಕಾರದ ಆಜ್ಞೆಯಂತೆ ಸಂಸ್ಥಾನದ ಪ್ರಧಾನ ಆಸ್ಪತ್ರೆಗಳಲ್ಲಿ ಸಂತತಿನಿಯಮನದ ಸಲಹೆಯನ್ನು ಕೊಡುವ ಚಿಕಿತ್ಸಾಲಯಗಳನ್ನು ತೆರೆಯುವಂತಾಯಿತು. ಸರ್ಕಾರವೇ ಮುಂದೆ ನಿಂತು ಇಂತಹ ಚಿಕಿತ್ಸಾಲಯವನ್ನು ನಡೆಸಿದುದು ಜಗತ್ತಿನಲ್ಲಿಯೇ ಮೊದಲನೆಯದೆಂದು ಚರಿತ್ರಕಾರರು ಬರೆಯುವರು. ಮುಂಬಯಿಯಲ್ಲಿ ರಘುನಾಥ ಧೋಂಡೋ ಕರ್ವೆಯವರು ೧೯೨೧ರಲ್ಲಿಯೇ ಖಾಸಗಿಯಾಗಿ ಒಂದು ಚಿಕಿತ್ಸಾಲಯವನ್ನು ತೆರೆದು ಅದಕ್ಕಾಗಿ ನಿಂದೆಯನ್ನೂ ನ್ಯಾಯಾಲಯದ ಬಾಧೆಯನ್ನೂ ಅನುಭವಿಸಿದ್ದರು. ಅಲ್ಲಿ ಒಬ್ಬ ಮನುಷ್ಯನ ಹಟವಾಗಿದ್ದುದು ಇಲ್ಲಿ ರಾಜಾಜ್ಞೆಯಾಯಿತು.

ವರ್ಷ ವರ್ಷವೂ ಹೆತ್ತು ಮೂವತ್ತಕ್ಕೆ ಮುದುಕಿಯಾಗುತ್ತಿದ್ದ ಹೆಂಗಸರನ್ನು ದಿನವೂ ಕಾಣುತ್ತಿದ್ದ ವೈದ್ಯರಿಗೆ ಈ ಆಜ್ಞೆಯು ಆಶ್ಚರ್ಯವನ್ನುಂಟುಮಾಡಿರಲಾರದು. ಧರ್ಮಶೀಲರಾದ ಸಜ್ಜನರಿಗೆ ಮಾತ್ರ ಅದು ದೊಡ್ಡ ಜಿಜ್ಞಾಸೆಯಾಯಿತು. ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ಎಂಬ ದಾದಿಯು ೧೯೩೫ರ ಡಿಸೆಂಬರಿನಲ್ಲಿ ವಾರ್ಧಾಕ್ಕೆ ಬಂದು ಮಹಾತ್ಮಾ ಗಾಂಧಿಯವರೊಡನೆ ಈ ವಿಷಯವಾಗಿ ಬಹಳ ಹೊತ್ತು ಸಂವಾದ ನಡೆಸಿದುದು ಪ್ರಸಿದ್ಧವು. ಸಂಯಮವೊಂದೇ ಮಾರ್ಗವೆಂಬುದು ಮಹಾತ್ಮರ ಪಕ್ಷ. ಸಂಯಮವು ಗಂಡನ ಕೈಯಲ್ಲಿದೆ, ಬಸಿರು ಹೆಂಡತಿಯ ಹೊಟ್ಟೆಯಲ್ಲಿದೆ ಎಂಬುದು ಆಕೆಯ ವಾದದ ಸಾರ. ವಿರಕ್ತಪೀಠಗಳು ಬ್ರಹ್ಮಚರ್ಯದ ಬೆಲೆಯನ್ನು ಬಲ್ಲವು. ಅದೇ ಕಾರಣದಿಂದ, ಅದು ಎಲ್ಲರಿಗೂ ಸುಲಭವಾಗಿ ಕೈಗೂಡುವ ವ್ರತವಲ್ಲವೆಂಬುದನ್ನೂ ಬಲ್ಲವು. ಶರಣರು ಸಂಸಾರವನ್ನು ಬಿಟ್ಟೋಡಿದವರಲ್ಲ. ಸತಿಪತಿಗಳು ಕೂಡಿ ಮಾಡುವ ಭಕ್ತಿಯನ್ನೇ ಹೆಚ್ಚೆಂದವರು. ಕೂಡಿ ಬಾಳುವವರಲ್ಲಿ ಒಬ್ಬರ ದೇಹವು ಮಾತ್ರ ಸವೆದುಹೋಗುವುದಾದರೆ ಆ ಕೂಟವು ಎಂತಹುದೆಂಬ ಪ್ರಶ್ನೆಯನ್ನು ಕೇಳುವುದು ಧರ್ಮಕ್ಕೆ ಹೊರಗಾದುದಲ್ಲ.

ಸ್ವಾತಂತ್ರ್ಯಾನಂತರ ಇದೇ ಬೆಂಗಳೂರಿನ ನೆರೆಯಲ್ಲಿ ನಡೆದ ಒಂದು ಪ್ರಯೋಗವು ನಗೆಯನ್ನೂ ಮರುಕವನ್ನೂ ಒಟ್ಟಿಗೆ ತರುವಂತಹುದು. ಕೇಂದ್ರದ ಆರೋಗ್ಯಮಂತ್ರಿಣಿಯಾಗಿದ್ದ ರಾಜಕುಮಾರಿ ಅಮೃತಕೌರರು ಗಾಂಧೀಮಾರ್ಗದವರು. ಕೃತಕ ಸಾಧನಗಳಿಗೆ ಒಪ್ಪರು. ಋತುಚಕ್ರದ ದಿನಗಳನ್ನು ಎಣಿಸಿ, ಗರ್ಭವು ನಿಲ್ಲಬಹುದಾದ ದಿನಗಳಲ್ಲಿ ದಂಪತಿಗಳು ಸಂಯಮದಿಂದಿರುವ ಕ್ರಮವೊಂದೇ ಅವರಿಗೆ ಸಮ್ಮತವಾದುದು. ಈ ಲೆಕ್ಕವನ್ನು ಜಪಾನಿನ ಓಗಿನೊ, ಆಸ್ಟ್ರಿಯದ ಕ್ನಾವುಸ್ ಎಂಬ ಇಬ್ಬರು ವೈದ್ಯರು ೧೯೨೦ರ ದಶಕದಲ್ಲಿ ಬೇರೆ ಬೇರೆಯಾಗಿ ಕಂಡುಹಿಡಿದಿದ್ದರು. ವಿಶ್ವಸ್ವಾಸ್ಥ್ಯ ಸಂಸ್ಥೆಯ ಪರವಾಗಿ ಅಮೆರಿಕದ ಡಾಕ್ಟರ್ ಏಬ್ರಹಾಂ ಸ್ಟೋನರು ಬಂದು, ೧೯೫೨ರಲ್ಲಿ ಆರಂಭವಾದ ಪ್ರಯೋಗಕ್ಕೆ ದೆಹಲಿಯ ಲೋಧಿ ಕಾಲನಿಯನ್ನೂ ಮೈಸೂರು ಸೀಮೆಯ ರಾಮನಗರವನ್ನೂ ಆರಿಸಲಾಯಿತು. ರಾಮನಗರವೆಂದರೆ ಹಿಂದೆ ಕ್ಲೋಸ್‌ಪೇಟೆಯೆಂದು ಕರೆಯಲ್ಪಡುತ್ತಿದ್ದ, ರೇಷ್ಮೆಯ ಗೂಡಿಗೂ ಬೆಟ್ಟಗುಡ್ಡಗಳಿಗೂ ಹೆಸರಾದ ಊರು.

ಅಕ್ಷರವನ್ನರಿಯದ ಹೆಂಗಸರು ದಿನವನ್ನು ಎಣಿಸುವುದು ಹೇಗೆ? ಸ್ಟೋನರು ಮಣಿಗಳ ಮಾಲೆಯನ್ನು ಮಾಡಿಸಿದರು. ನಿರ್ಭಯವಾದ ದಿನಗಳಿಗೆ ಒಂದು ಬಣ್ಣದ ಮಣಿ, ಗರ್ಭ ನಿಲ್ಲಬಹುದಾದ ದಿನಗಳಿಗೆ ಇನ್ನೊಂದು ಬಣ್ಣದ ಮಣಿ. ದಿನಕ್ಕೊಂದರಂತೆ ಸರಿಸುತ್ತ ಹೋಗುವುದು. ಜಪಮಾಲೆಯನ್ನು ಬಲ್ಲ ನಾಡಿಗೆ ಮಣಿ ಎಣಿಸುವುದನ್ನು ಕಲಿಸಬೇಕಾಗಿರಲಿಲ್ಲ. ಆದರೆ ಯುಕ್ತಿಯು ಕಾಗದದ ಮೇಲೆ ನಡೆದಂತೆ ಮನೆಯೊಳಗೆ ನಡೆಯಲಿಲ್ಲ. ಮಕ್ಕಳು ಆಟಕ್ಕೆಂದು ಮಣಿಯನ್ನು ಸರಿಸಿಬಿಡುವರು. ರಾತ್ರಿಯ ಕತ್ತಲೆಯಲ್ಲಿ ಬಣ್ಣವು ಕಾಣದು. ಕೊರಳಿಗೆ ಹಾಕಿಕೊಂಡರೆ ಇಂದು ಯಾವ ದಿನವೆಂಬುದು ಊರಿಗೆಲ್ಲ ತಿಳಿಯುವುದೆಂದು ನಾಚಿಕೆ. ಕೆಲವರು ಮಾಲೆಯನ್ನೇ ರಕ್ಷೆಯ ತಾಯತವೆಂದು ತಿಳಿದರು. ಅದನ್ನು ಧರಿಸಿದ ಮೇಲೆ ಬೇರೆ ನಿಯಮವೇಕೆ ಎಂಬುದು ಅವರ ಭಾವನೆ. ಈ ಪ್ರಯೋಗದ ವೃತ್ತಾಂತಗಳಲ್ಲಿ ಇಂತಹ ಸಂಗತಿಗಳನ್ನು ಓದಿ ಹೆಂಗಸರ ಅಜ್ಞಾನವನ್ನು ಕುರಿತು ನಕ್ಕವರುಂಟು. ನಗಬೇಕಾದುದು ಬೇರೆ ಕಡೆ. ಚಕ್ರವು ಎಲ್ಲರಿಗೂ ಒಂದೇ ಸಮನಾಗಿರದು, ಹಾಲೂಡುವ ತಾಯಿಗಂತೂ ಲೆಕ್ಕವೇ ಸಿಕ್ಕದು. ಎಲ್ಲಕ್ಕಿಂತ ಹೆಚ್ಚಾಗಿ, ಮಣಿಯನ್ನು ಸರಿಸುವವಳು ಒಬ್ಬಳು, ನಿಯಮವನ್ನು ಪಾಲಿಸಬೇಕಾದವನು ಇನ್ನೊಬ್ಬನು. ಆದರೂ ಅಲ್ಲಿಯ ಹೆಂಗಸರು ಇದನ್ನು ತಿಳಿಯಬೇಕೆಂದು ಮುಂದೆ ಬಂದರೆಂಬುದು ಮುಖ್ಯವಾದ ಸಂಗತಿ. ಅದೇ ಕಾಲದಲ್ಲಿ, ೧೯೫೧-೫೨ರಲ್ಲಿ, ಸಂಯುಕ್ತರಾಷ್ಟ್ರಸಂಘವೂ ಭಾರತ ಸರ್ಕಾರವೂ ಕೂಡಿ ಬೆಂಗಳೂರಿನಲ್ಲಿಯೂ ಮೈಸೂರು ಸೀಮೆಯ ಹಳ್ಳಿಗಳಲ್ಲಿಯೂ ನಡೆಸಿ ೧೯೬೧ರಲ್ಲಿ ಪ್ರಕಟಿಸಿದ ಜನಸಂಖ್ಯಾ ಅಧ್ಯಯನವೂ ಇದನ್ನೇ ತೋರಿಸಿತು: ಮಿತಸಂತಾನವು ಬೇಕೆಂಬ ಇಚ್ಛೆ ಉಂಟು, ಉಪಾಯವು ಕೈಯಲ್ಲಿಲ್ಲ.

ಈ ಇಚ್ಛೆಗೆ ದನಿಯನ್ನು ಕೊಟ್ಟವರಲ್ಲಿ ಪ್ರಮುಖರಾದವರು ಹುಬ್ಬಳ್ಳಿಯಲ್ಲಿ ೧೮೯೩ರಲ್ಲಿ ಜನಿಸಿದ ಧನವಂತಿ ರಾಮರಾವ್ ಅವರು. ಕಾಶ್ಮೀರಿ ಪಂಡಿತರ ಮನೆಯ ಮಗಳು, ಬೆನೆಗಲ್ ಮನೆತನದ ಸೊಸೆ. ೧೯೪೯ರಲ್ಲಿ ಮುಂಬಯಿಯಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘವನ್ನು ಸ್ಥಾಪಿಸಿದರು. ೧೯೫೨ರಲ್ಲಿ ಅದೇ ನಗರದಲ್ಲಿ ಕೂಡಿದ ಮಹಾಸಭೆಯಲ್ಲಿ ಅಂತರರಾಷ್ಟ್ರೀಯ ಒಕ್ಕೂಟವು ಹುಟ್ಟಿತು; ಅನಂತರದಲ್ಲಿ ಅದರ ಅಧ್ಯಕ್ಷಸ್ಥಾನವನ್ನೂ ಅವರು ವಹಿಸಿದರು. ೧೯೫೯ರಲ್ಲಿ ಪದ್ಮಭೂಷಣರಾದರು.

ಮುಂದೆ ಬಂದ ಕಾಲವನ್ನು ಹೊಗಳುವಂತಿಲ್ಲ. ಸೇವೆಯೆಂದು ಆರಂಭವಾದುದು ಲೆಕ್ಕಪತ್ರವಾಯಿತು. ತುರ್ತುಪರಿಸ್ಥಿತಿಯ ೧೯೭೬-೭೭ರ ಒಂದೇ ವರ್ಷದಲ್ಲಿ ದೇಶದಲ್ಲಿ ೮೦ ಲಕ್ಷಕ್ಕೂ ಮೀರಿ ಶಸ್ತ್ರಚಿಕಿತ್ಸೆಗಳಾದುವು; ಅವುಗಳಲ್ಲಿ ಹೆಚ್ಚಿನ ಪಾಲು ಗಂಡಸರದು, ಅದರಲ್ಲಿ ಬಲಾತ್ಕಾರವೆಷ್ಟೆಂಬುದು ದೇಶಕ್ಕೆ ತಿಳಿದಿದೆ. ಅದರ ಕೋಪವು ಅಧಿಕಾರಸ್ಥರನ್ನು ಇಳಿಸಿತು. ಅಲ್ಲಿಂದೀಚೆಗೆ ಗಂಡಸರು ಹಿಂದೆ ಸರಿದರು. ಕತ್ತರಿಯು ಹೆಂಗಸಿನ ಕಡೆಗೆ ತಿರುಗಿತು, ಇಂದಿಗೂ ಬಹುಮಟ್ಟಿಗೆ ಅಲ್ಲಿಯೇ ನಿಂತಿದೆ.

ಆಜ್ಞೆ, ಅಂಕಿ, ಶಸ್ತ್ರ ಇವೆಲ್ಲಕ್ಕಿಂತ ಬೇರೆಯಾದ ದಾರಿಯನ್ನು ಹಿಡಿದವರು ಡಾಕ್ಟರ್ ಅನುಪಮಾ ನಿರಂಜನ ಅವರು. ತೀರ್ಥಹಳ್ಳಿಯಲ್ಲಿ ೧೯೩೪ರಲ್ಲಿ ಹುಟ್ಟಿ, ಮೈಸೂರಿನಲ್ಲಿ ವೈದ್ಯವಿದ್ಯೆಯನ್ನು ಕಲಿತು, ಧಾರವಾಡದಲ್ಲಿಯೂ ಬೆಂಗಳೂರಿನಲ್ಲಿಯೂ ವೃತ್ತಿಯನ್ನು ನಡೆಸಿದ ಇವರು ಕಥೆ ಕಾದಂಬರಿಗಳಿಗೂ ಪ್ರಸಿದ್ಧರು. ಆದರೆ ಹೆಣ್ಣುಮಕ್ಕಳ ಪೆಟ್ಟಿಗೆಯಲ್ಲಿ ಸೀರೆಯ ಮಡಿಕೆಯ ಕೆಳಗೆ ಸೇರಿಕೊಂಡ ಪುಸ್ತಕಗಳು ಬೇರೆ: 'ವಧುವಿಗೆ ಕಿವಿಮಾತು', 'ತಾಯಿ ಮಗು', 'ಕೇಳು ಕಿಶೋರಿ', 'ಸ್ತ್ರೀ ಸ್ವಾಸ್ಥ್ಯ ಸಂಹಿತೆ'. ಮುಟ್ಟು, ಬಸಿರು, ಹೆರಿಗೆ, ಬಾಣಂತನ, ಸಂತಾನದ ಅಂತರ ಇವುಗಳನ್ನು ಕುರಿತು ಅಸಹ್ಯವಿಲ್ಲದೆ, ಅಂಜಿಕೆಯಿಲ್ಲದೆ, ಮನೆಯ ಹಿರಿಯ ಹೆಂಗಸು ಕೂರಿಸಿಕೊಂಡು ಹೇಳುವಂತೆ ಕನ್ನಡದಲ್ಲಿ ಹೇಳಿದರು. ವಚನಕಾರರು ಸಂಸ್ಕೃತವನ್ನು ಬಿಟ್ಟು ಜನರ ಮಾತಿನಲ್ಲಿ ಪರಮಾರ್ಥವನ್ನು ಹೇಳಿದುದನ್ನು ಕೊಂಡಾಡುವವರು, ವೈದ್ಯಶಾಸ್ತ್ರವನ್ನು ಇಂಗ್ಲಿಷಿನ ಬೀಗದಿಂದ ಬಿಡಿಸಿದ ಈ ಕಾರ್ಯವನ್ನೂ ಅದೇ ಜಾತಿಗೆ ಸೇರಿಸಬೇಕಾಗುವುದು. ಶರಣರ ಗಣದಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದುದನ್ನು ಇಲ್ಲಿ ನೆನೆಯಬಹುದು. ಅರ್ಬುದ ರೋಗಕ್ಕೆ ತುತ್ತಾಗಿ, ಆ ರೋಗದ ಅನುಭವವನ್ನೂ ಬರೆದಿಟ್ಟು, ೧೯೯೧ರಲ್ಲಿ ಅನುಪಮಾ ಅವರು ತೀರಿಕೊಂಡರು. ಅವರ ಹೆಸರಿನ ಪ್ರಶಸ್ತಿಯು ಕನ್ನಡದ ಲೇಖಕಿಯರಿಗೆ ಸಲ್ಲುತ್ತ ಬಂದಿದೆ.

ಈಗ ಬೆಳಗಾವಿಯ ವೃತ್ತಾಂತವು; ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ೧೯೧೬ನೆಯ ಇಸವಿಯಲ್ಲಿ ಬಸವನಾಳ, ಸಾಖರೆ, ಕಟ್ಟೀಮನಿ, ಮಮದಾಪುರ, ಹಂಚಿನಾಳ, ಚಿಕ್ಕೋಡಿ, ಪಾಟೀಲರೆಂಬ ಏಳು ಮಂದಿ ಉಪಾಧ್ಯಾಯರು ಕೂಡಿ ಕಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯ ಚರಿತ್ರೆಯನ್ನು ಭಕ್ತರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಸಪ್ತರ್ಷಿಗಳೆಂದು ಸಮಾಜವು ಅವರನ್ನು ಕರೆಯುತ್ತದೆ. ಆ ಸಂಸ್ಥೆಯ ವೈದ್ಯಕೀಯ ಮಹಾವಿದ್ಯಾಲಯವು ೧೯೬೩ರಲ್ಲಿ ಪ್ರಾರಂಭವಾಯಿತು. ಈ ವಿದ್ಯಾಲಯದ ಡಾಕ್ಟರ್ ಕೊಡ್ಕಣಿ, ಡಾಕ್ಟರ್ ಶಿವಪ್ರಸಾದ ಗೌಡರ ಮೊದಲಾದವರು ಅಮೆರಿಕದ ಡಾಕ್ಟರ್ ರಿಚರ್ಡ್ ಡರ್ಮನ್ ಅವರೊಡನೆ ಸೇರಿ, ಹೆರಿಗೆಯ ನಂತರದ ರಕ್ತಸ್ರಾವವನ್ನು ಶೋಧನೆಯ ವಿಷಯವಾಗಿ ತೆಗೆದುಕೊಂಡರು. ಬಡದೇಶಗಳಲ್ಲಿ ತಾಯಂದಿರ ಮರಣಕ್ಕೆ ಇದರಷ್ಟು ದೊಡ್ಡ ಕಾರಣವು ಬೇರೊಂದಿಲ್ಲ. ಗರ್ಭಕೋಶವನ್ನು ಬಿಗಿಗೊಳಿಸುವ ಆಕ್ಸಿಟೋಸಿನ್ ಎಂಬ ಚುಚ್ಚುಮದ್ದು ಆಸ್ಪತ್ರೆಗಳಲ್ಲಿದೆ. ಆದರೆ ಅದಕ್ಕೆ ತಂಪಿನ ಪೆಟ್ಟಿಗೆ ಬೇಕು, ಸೂಜಿ ಬೇಕು, ಚುಚ್ಚಬಲ್ಲವರು ಬೇಕು. ಬೆಳಗಾವಿಯ ಹಳ್ಳಿಯ ಮನೆಯಲ್ಲಿ ಬೇಸಗೆಯ ನಡುರಾತ್ರಿಯಲ್ಲಿ ಈ ಮೂರೂ ಒಟ್ಟಿಗೆ ದೊರೆಯುವುದೆಲ್ಲಿ? ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯಾದರೆ ನುಂಗುವುದಕ್ಕೆ ನೀರಿದ್ದರೆ ಸಾಕು.

ಮದ್ದಿನ ಗುಣವನ್ನು ತಿಳಿಯಬೇಕಾದರೆ ಮೊದಲು ಹರಿದ ರಕ್ತವನ್ನು ಅಳೆಯಬೇಕಷ್ಟೆ. ಅದುವರೆಗೆ ಕಣ್ಣಂದಾಜೇ ಅಳತೆಯಾಗಿತ್ತು. ಬೆಳಗಾವಿಯವರು ತಾಯಿಯ ಸೊಂಟದ ಕೆಳಗೆ ಹರಡುವ, ತುದಿಯಲ್ಲಿ ಅಳತೆಗೆರೆಗಳುಳ್ಳ ಚೀಲವನ್ನು ಹೊಂದಿದ ಪ್ಲಾಸ್ಟಿಕ್ ಹಾಸನ್ನು ರೂಪಿಸಿದರು. ಹೋಲಿಸಿ ನೋಡಿದಾಗ, ಕಣ್ಣಿನ ಅಂದಾಜು ನಿಜಕ್ಕಿಂತ ನೂರಕ್ಕೆ ೩೩ರಷ್ಟು ಕಡಿಮೆಯಿತ್ತು. ಎಂದರೆ ಬಳಿಯಲ್ಲಿದ್ದವರು 'ಸ್ವಲ್ಪವೇ ಹೋಗಿದೆ' ಎಂದು ಸಮಾಧಾನಪಟ್ಟುಕೊಳ್ಳುತ್ತಿದ್ದ ಹೊತ್ತಿನಲ್ಲಿ ತಾಯಿಯು ಮೆಲ್ಲನೆ ಕೈಬಿಟ್ಟು ಹೋಗುತ್ತಿದ್ದಳು. ಇಂತಹುದೇ ಅಳತೆಯ ಹಾಸು ಮುಂದೆ ಆಫ್ರಿಕಾ ಖಂಡದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ ನಡೆದು ೨೦೨೩ರಲ್ಲಿ ಪ್ರಕಟವ��ದ ಮಹಾಪ್ರಯೋಗದಲ್ಲಿ, ಇತರ ಚಿಕಿತ್ಸೆಗಳೊಡನೆ ಕೂಡಿ, ಅಪಾಯವನ್ನು ನೂರಕ್ಕೆ ೬೦ರಷ್ಟು ಇಳಿಸಿತು.

ಗುಳಿಗೆಯ ಪ್ರಯೋಗವು ೨೦೦೨ರಿಂದ ೨೦೦೫ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ನಡೆಯಿತು. ಭಾಗವಹಿಸಿದ ತಾಯಂದಿರು ೧,೬೨೦ ಮಂದಿ. ಹೆರಿಗೆಯನ್ನು ಮಾಡಿಸಿದವರು, ಗುಳಿಗೆಯನ್ನು ಕೊಟ್ಟವರು, ರಕ್ತವನ್ನು ಅಳೆದು ಬರೆದವರು ದೊಡ್ಡ ಪದವಿಯ ವೈದ್ಯರಲ್ಲ. ಸರ್ಕಾರದ ಉಪಕೇಂದ್ರಗಳಲ್ಲಿ ಕೆಲಸ ಮಾಡುವ ೨೫ ಮಂದಿ ಸಹಾಯಕ ದಾದಿಯರು, ಹಳ್ಳಿಯವರು 'ಸಿಸ್ಟರಮ್ಮ' ಎಂದು ಕರೆಯುವವರು. ಮದ್ದನ್ನು ಪಡೆದ ತಾಯಂದಿರಲ್ಲಿ ರಕ್ತಸ್ರಾವವು ನೂರಕ್ಕೆ ೧೨ರಿಂದ ೬.೪ಕ್ಕೆ ಇಳಿಯಿತು, ಪ್ರಾಣಾಪಾಯದ ರಕ್ತಸ್ರಾವವು ೧.೨ರಿಂದ ೦.೨ಕ್ಕೆ. ೨೦೦೬ರಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯು ಇದನ್ನು ಪ್ರಕಟಿಸಿತು. ೨೦೧೧ರಲ್ಲಿ ವಿಶ್ವಸ್ವಾಸ್ಥ್ಯ ಸಂಸ್ಥೆಯು ಈ ಕಾರ್ಯಕ್ಕಾಗಿ ಆ ಗುಳಿಗೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಪ್ರಯೋಗದಲ್ಲಿ ಅರ್ಧದಷ್ಟು ತಾಯಂದಿರಿಗೆ ಮದ್ದಿಲ್ಲದ ಗುಳಿಗೆಯು ದೊರೆತುದೆಂಬುದನ್ನು ಹೇಳದೆ ಬಿಡಲಾಗದು. ಹೋಲಿಕೆಯಿಲ್ಲದೆ ಸತ್ಯವು ತಿಳಿಯದೆಂದು ಶಾಸ್ತ್ರವು ಹೇಳುವುದು. ಆ ಕಾಲದ ಹಳ್ಳಿಯ ಹೆರಿಗೆಯಲ್ಲಿ ಅವರಿಗೆ ಬೇರೆ ಮದ್ದೇನೂ ಸಿಕ್ಕುತ್ತಿರಲಿಲ್ಲವೆಂಬುದೂ ನಿಜವು. ಆದರೂ ವಿದ್ವಾಂಸರಲ್ಲಿ ಇದನ್ನು ಕುರಿತು ಚರ್ಚೆಯಾದುದುಂಟು, ಆಗಬೇಕಾದುದೇ. ಆ ಅರ್ಧದ ತಾಯಂದಿರಿಗೆ ಲೋಕವು ಋಣಿಯಾಗಿದೆ. ಅವರ ಹೆಸರು ಯಾವ ಪತ್ರಿಕೆಯಲ್ಲಿಯೂ ಇರದು.

ಬೆಳಗಾವಿಯನ್ನು ಬಿಡುವ ಮೊದಲು ಇನ್ನೊಬ್ಬ ಹೆಣ್ಣುಮಗಳ ಹೆಸರನ್ನು ಸ್ಮರಿಸಬೇಕು. ಸವಿತಾ ಹಾಲಪ್ಪನವರ ಎಂಬ ಲಿಂಗಾಯತ ಮನೆಯ ದಂತವೈದ್ಯೆಯು ಪತಿಯೊಡನೆ ಐರ್ಲೆಂಡಿನಲ್ಲಿದ್ದಳು. ಹದಿನೇಳು ವಾರಗಳ ಗರ್ಭವು ಉಳಿಯದೆಂದು ಖಚಿತವಾದ ಮೇಲೂ, ಶಿಶುವಿನ ಹೃದಯವು ಬಡಿಯುತ್ತಿರುವವರೆಗೆ ಅಲ್ಲಿಯ ಕಾನೂನಿನ ಭಯದಿಂದ ಗರ್ಭವನ್ನು ತೆಗೆಯಲಿಲ್ಲ; ನಂಜು ರಕ್ತಕ್ಕೆ ಏರಿ ೨೦೧೨ರ ಅಕ್ಟೋಬರ್ ೨೮ರಂದು ಗಾಲ್ವೇ ನಗರದಲ್ಲಿ ಆಕೆಯು ತೀರಿಕೊಂಡಳು. ಭಾರತದಲ್ಲಿ ಇಂತಹ ಸಂದರ್ಭಕ್ಕೆ ೧೯೭೧ರಿಂದಲೇ ಕಾನೂನಿನ ಅನುಮತಿಯಿತ್ತು. ಆ ದೇಶದ ಹೆಂಗಸರೂ ವೈದ್ಯರೂ ಆಕೆಯ ಭಾವಚಿತ್ರವನ್ನು ಹಿಡಿದು ಬೀದಿಗೆ ಬಂದರು. ೨೦೧೮ರ ಮೇ ೨೫ರಂದು ನಡೆದ ಜನಮತದಲ್ಲಿ ನೂರಕ್ಕೆ ೬೬ಕ್ಕೂ ಮೀರಿದವರು ಸಂವಿಧಾನದ ಆ ನಿಬಂಧನೆಯನ್ನು ರದ್ದುಗೊಳಿಸಿದರು. ಗರ್ಭಕ್ಕೆ ಲಿಂಗವನ್ನು ಕಟ್ಟುವ ಸಮಯದವರಿಗೆ ಗರ್ಭದ ಗೌರವವನ್ನು ಹೊರಗಿನವರು ಕಲಿಸಬೇಕಾಗಿಲ್ಲ. ಆದರೆ ಆ ಲಿಂಗವನ್ನು ಧರಿಸಿ ನಿಲ್ಲುವವಳು ತಾಯಿಯೇ. ಆಕೆಯನ್ನು ಕಳೆದುಕೊಂಡು ಗರ್ಭವನ್ನು ಗೌರವಿಸುವ ಬಗೆಯನ್ನು ಯಾವ ಆಗಮವೂ ಹೇಳದು.

ಇನ್ನು ಬೆಂಗಳೂರಿನ ಹೊರವಲಯದ ಮಾತು. ೧೮೮೨ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳ ವ್ಯವಸಾಯಕ್ಕೆಂದು ಶ್ರೀ ಚಾಮರಾಜ ಒಡೆಯರವರು ಕೊಟ್ಟ ಭೂಮಿಯಲ್ಲಿ ಹುಟ್ಟಿದ ವೈಟ್‌ಫೀಲ್ಡ್ ಇಂದು ಗಣಕಯಂತ್ರದ ನಗರಿ. ರಾಗಿಯ ಹೊಲಗಳಿದ್ದ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳಲ್ಲಿ ೧೯೭೦ರ ದಶಕದ ಕೊನೆಯಲ್ಲಿ ಆರ್. ಕೆ. ಬಾಳಿಗರ ದೂರದೃಷ್ಟಿಯಿಂದ ಎಲೆಕ್ಟ್ರಾನಿಕ್ ಸಿಟಿಯು ಎದ್ದಿತು. ಪೀಣ್ಯದ ಕೈಗಾರಿಕಾವಲಯವು ಏಷ್ಯಾದಲ್ಲಿಯೇ ದೊಡ್ಡವುಗಳಲ್ಲಿ ಒಂದೆನಿಸಿತು. ತುಮಕೂರು ರಸ್ತೆ, ಹೊಸೂರು ರಸ್ತೆಗಳ ಉಡುಪು ಕಾರ್ಖಾನೆಗಳಲ್ಲಿ ಹೊಲಿಗೆಯಂತ್ರದ ಮುಂದೆ ಕುಳಿತವರಲ್ಲಿ ಬಹುಪಾಲು ಹೆಂಗಸರು. ಪಾವಗಡ, ಶಿರಾ, ಮಧುಗಿರಿ, ಕನಕಪುರಗಳಿಂದ ಬಂದವರು, ನರಸಮ್ಮನವರಂತಹ ಅಜ್ಜಿಯರ ಕೈಯಲ್ಲಿ ಹುಟ್ಟಿದವರ ಮಕ್ಕಳು. ಗಂಟೆಗೆ ಇಷ್ಟು ತುಂಡು ಎಂಬ ಲೆಕ್ಕದಲ್ಲಿ ನೀರು ಕುಡಿಯುವುದಕ್ಕೂ ಏಳಲಾಗದೆ, ಮುಟ್ಟಿನ ದಿನಗಳಲ್ಲಿಯೂ ಬಸಿರಿನ ತಿಂಗಳುಗಳಲ್ಲಿಯೂ ಅದೇ ಮಣೆಯ ಮೇಲೆ ಕೂತವರು. ಹೆರಿಗೆಯ ಸೌಲಭ್ಯದ ಕಾನೂನು ೧೯೬೧ರಲ್ಲಿ ಬಂದಿತು. ೨೦೧೭ರ ತಿದ್ದುಪಡಿಯು ೧೨ ವಾರಗಳ ರಜೆಯನ್ನು ೨೬ಕ್ಕೆ ಏರಿಸಿತು. ಗಾಜಿನ ಮಹಲುಗಳ ಉದ್ಯೋಗಿನಿಗೆ ದೊರೆತಷ್ಟು ಸುಲಭವಾಗಿ ಇದು ಗುತ್ತಿಗೆಯ ಹೆಣ್ಣಿಗೆ ದೊರೆಯುವುದಿಲ್ಲವೆಂಬುದು ಆ ಬೀದಿಗಳಲ್ಲಿ ಓಡಾಡುವವರಿಗೆಲ್ಲ ತಿಳಿದ ಸಂಗತಿ.

೨೦೨೫ರ ಅಕ್ಟೋಬರಿನಲ್ಲಿ ಕರ್ನಾಟಕದ ಸಚಿವಸಂಪುಟವು ಉದ್ಯೋಗಸ್ಥ ಹೆಂಗಸರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ ೧೨ ದಿನಗಳ ಸಂಬಳಸಹಿತವಾದ ಮುಟ್ಟಿನ ರಜೆಗೆ ಒಪ್ಪಿಗೆಯನ್ನಿತ್ತಿತು. ಸರ್ಕಾರಿ ಕಛೇರಿಯೊಡನೆ ಉಡುಪಿನ ಕಾರ್ಖಾನೆಯೂ ಗಣಕದ ಸಂಸ್ಥೆಯೂ ಅದರಲ್ಲಿ ಸೇರಿದುವು. ಇದು ಮತ್ತೆ ರಜಸ್ಸೂತಕವನ್ನು ತಂದಂತಲ್ಲವೆ ಎಂದು ಕೇಳಿದವರುಂಟು. ಸೂತಕವು ಹೆಣ್ಣನ್ನು ಆಕೆಯ ಇಚ್ಛೆಯನ್ನು ಕೇಳದೆ ಹೊರಗೆ ಕೂರಿಸಿತು. ಈ ರಜೆಯಾದರೋ ನೋವಿರುವವಳು ಬೇಕಾದರೆ ತೆಗೆದುಕೊಳ್ಳುವ ವಿಶ್ರಾಂತಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು.

ಹೆರದಿರುವ ದುಃಖವೂ ಇದೇ ವಲಯಕ್ಕೆ ಸೇರಿದುದು. ೧೯೮೯ರಲ್ಲಿ ಬೆಂಗಳೂರಿನಲ್ಲಿ ಕೃತಕ ಗರ್ಭಧಾರಣೆಯ ಕೇಂದ್ರವನ್ನು ಸ್ಥಾಪಿಸಿ, ಈ ವಿದ್ಯೆಯನ್ನು ಇಲ್ಲಿ ಬೇರೂರಿಸಿದ ಡಾಕ್ಟರ್ ಕಾಮಿನಿ ರಾವ್ ಅವರಿಗೆ ೨೦೧೪ರಲ್ಲಿ ಪದ್ಮಶ್ರೀ ದೊರೆಯಿತು. ದೋಷವು ಗಂಡಸಿನಲ್ಲಿಯೂ ಇರಬಹುದೆಂಬುದನ್ನು ಈ ವಿದ್ಯೆಯು ಸಾರಿ ಹೇಳಿದ ಮೇಲೆ ಬಂಜೆಯೆಂಬ ಬಿರುನುಡಿಯ ಮೊನೆ ಕೊಂಚವಾದರೂ ಮೊಂಡಾಗಿದೆ.

ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ಮರಣ ಹೊಂದುತ್ತಿದ್ದ ತಾಯಂದಿರ ಸಂಖ್ಯೆಯು ೨೦೦೪-೦೬ರಲ್ಲಿ ೨೧೩ ಇದ್ದುದು ೨೦೧೮-೨೦ರ ವೇಳೆಗೆ ೬೯ಕ್ಕೆ ಇಳಿಯಿತು. ೨೦೨೪ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ತೀರಿಕೊಂಡಾಗ ಇಳಿದ ಅಂಕಿಯು ಮತ್ತೆ ಏರಲೂ ಬಲ್ಲುದೆಂದು ನಾಡು ಬೆಚ್ಚಿತು. ಈ ಇಳಿಕೆಗೆ ಕಾರಣರಾದವರಲ್ಲಿ ಹೆಸರಾಂತ ವೈದ್ಯರೊಡನೆ, ೨೦೦೫ರ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಬಂದ ಆಶಾ ಕಾರ್ಯಕರ್ತೆಯರೂ ಇರುವರು. ಗರ್ಭಿಣಿಯ ಹೆಸರನ್ನು ಬರೆದುಕೊಳ್ಳುವುದು, ಕಬ್ಬಿಣದ ಗುಳಿಗೆಯನ್ನು ನುಂಗಿಸುವುದು, ನೋವು ಬಂದಾಗ ಆಸ್ಪತ್ರೆಯವರೆಗೆ ಜೊತೆಗೆ ಹೋಗುವುದು ಅವರ ಕಾಯಕ; ಹಳ್ಳಿಯಲ್ಲಿಯಂತೆಯೇ ನಗರದ ಅಂಚಿನ ವಠಾರಗಳಲ್ಲಿಯೂ ಅವರು ಬಾಗಿಲು ತಟ್ಟುವರು. ಹಿಂದೆ ಸೂಲಗಿತ್ತಿಯು ಮನೆಗೆ ಬರುತ್ತಿದ್ದಳು. ಈಗ ಈಕೆಯು ಮನೆಯಿಂದ ಕರೆದೊಯ್ಯುವಳು.

೨೦೨೨ರ ಮೇ ತಿಂಗಳಿನಲ್ಲಿ ವಿಶ್ವಸ್ವಾಸ್ಥ್ಯ ಸಂಸ್ಥೆಯು ಭಾರತದ ಆಶಾ ಕಾರ್ಯಕರ್ತೆಯರೆಲ್ಲರಿಗೂ ಜಾಗತಿಕ ಆರೋಗ್ಯ ನಾಯಕರೆಂಬ ಪುರಸ್ಕಾರವನ್ನಿತ್ತು ಗೌರವಿಸಿತು. ೨೦೨೫ರ ಜನವರಿಯ ಚಳಿಯಲ್ಲಿ ಕರ್ನಾಟಕದ ಮೂಲೆಮೂಲೆಗಳಿಂದ ಬಂದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ, ತಿಂಗಳಿಗೆ ೧೫,೦೦೦ ರೂಪಾಯಿಗಳ ಗೌರವಧನವನ್ನು ಬೇಡಿ, ಹಗಲೂ ರಾತ್ರಿಯೂ ನೆಲದ ಮೇಲೆ ಕುಳಿತರು. ನಾಲ್ಕನೆಯ ದಿನ, ೧೦,೦೦೦ಕ್ಕೆ ಕಡಿಮೆಯಾಗದಂತೆ ಕೊಡುವೆವೆಂದು ಸರ್ಕಾರದವರು ಒಪ್ಪಿದ ಮೇಲೆ, ಎದ್ದು ತಂತಮ್ಮ ಊರುಗಳ ಗರ್ಭಿಣಿಯರ ಬಳಿಗೆ ಹಿಂದಿರುಗಿದರು.